ಬೀಟೆಯ ಪಾಠಾಂತರ

ಹೋದ ಬೇಸಿಗೆಯಲ್ಲಿ ನನ್ನ ಪಿಎಚ್‌.ಡಿ. ಪ್ರಬಂಧದ ಮೂರನೆಯ ಅಧ್ಯಾಯ ಮುಂದಕ್ಕೆ ಹೋಗದೆ ನಿಂತಿತ್ತು. ಹಾಸ್ಟೆಲಿನಲ್ಲಿ ಕೂತು ಗೋಡೆ ನೋಡುವುದಕ್ಕಿಂತ ಊರು ವಾಸಿ ಎಂದುಕೊಂಡು ಹೊರಟುಬಂದೆ. ಹುಣಸೂರಿನಿಂದ ಎಚ್.ಡಿ. ಕೋಟೆ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ನನ್ನ ಚಿಕ್ಕಪ್ಪನ ಮರಗೆಲಸದ ಶೆಡ್ಡು ಇದೆ. ಬಾಗಿಲು, ಕಿಟಕಿ, ಮಂಚ, ದೇವರ ಮಂಟಪ ಅಲ್ಲಿಯ ದಿನನಿತ್ಯದ ಕೆಲಸ. ಆ ದಿನಗಳಲ್ಲಿ ಮಾತ್ರ ಕೆಲಸದ ಮೇಜಿನ ಮೇಲೆ ಬೇರೆಯದೇ ಒಂದು ವಸ್ತು ಮಲಗಿತ್ತು. ಎರಡು ದೊಡ್ಡ ತೂತು, ಸುತ್ತ ನಾಲ್ಕಾರು ಸಣ್ಣ ತೂತುಗಳಿದ್ದ, ಅಲ್ಲಲ್ಲಿ ಉಬ್ಬಿ ಬಣ್ಣಗೆಟ್ಟ ಒಂದು ಹಲಗೆ. ಕೊಡಗಿನ ಕಡೆಯ ಕಾಫಿ ತೋಟದ ಮನೆಯೊಂದರಲ್ಲಿ ವರ್ಷಗಟ್ಟಲೆ ನಿಂತೇ ಇದ್ದ ಎಂ.ಜಿ. ಟಿ.ಸಿ. ಎಂಬ ಸ್ಪೋರ್ಟ್ಸ್ ಕಾರಿನ ಡ್ಯಾಶ್‌ಬೋರ್ಡು ಅದು.

ಗ್ರಂಥಸಂಪಾದನೆ ನನ್ನ ಸಂಶೋಧನೆಯ ವಿಷಯ. ಹಳೆಯ ಪಠ್ಯವೊಂದನ್ನು ಇವತ್ತಿನ ಓದುಗರ ಕೈಗೆ ಕೊಡುವಾಗ ಸಂಪಾದಕ ಏನನ್ನು ತಿದ್ದಬೇಕು, ಏನನ್ನು ಬಿಡಬೇಕು, ತಿದ್ದಿದ್ದನ್ನು ಹೇಗೆ ತೋರಿಸಬೇಕು ಎಂಬುದರ ಸುತ್ತಲೇ ನಾಲ್ಕು ವರ್ಷ ತಿರುಗಿದ್ದೇನೆ. ಆ ಹಲಗೆಯ ಮುಂದೆ ಕೂತಾಗ ಚಿಕ್ಕಪ್ಪನ ತಲೆನೋವೂ ನನ್ನ ತಲೆನೋವೂ ಒಂದೇ ಎಂದು ನಿಧಾನವಾಗಿ ಹೊಳೆಯತೊಡಗಿತು. ಈ ಬರಹವನ್ನು ಒಂದು ಡ್ಯಾಶ್‌ಬೋರ್ಡಿನ ವಿಮರ್ಶೆ ಎಂದೇ ಓದಬೇಕು.

ಕಾಕನಕೋಟೆ ಎಂದ ಕೂಡಲೇ ಸಾಹಿತ್ಯದ ವಿದ್ಯಾರ್ಥಿಗಳಿಗೆ ಮಾಸ್ತಿಯವರ ನಾಟಕ ನೆನಪಾಗುತ್ತದೆ, ಅಥವಾ ಅದನ್ನು ಆಧರಿಸಿ ಸಿ.ಆರ್. ಸಿಂಹ 1977ರಲ್ಲಿ ತೆರೆಗೆ ತಂದ ಸಿನಿಮಾ. ಸ್ವಲ್ಪ ಹಿರಿಯರಾದರೆ ಖೆಡ್ಡಾದ ಫೋಟೋಗಳು. ನಮ್ಮ ಸೀಮೆಯ ಮರಗೆಲಸದವರಿಗೆ ಮಾತ್ರ ಕಾಕನಕೋಟೆ ಎಂದರೆ ತೇಗ, ಹೊನ್ನೆ, ಮತ್ತಿ, ಬೀಟೆ. ಆ ಕಾಡಿನ ದಿಮ್ಮಿಗಳು ಹುಣಸೂರಿನ ಸಾಮಿಲ್ಲುಗಳಿಗೆ ಬಂದವು, ಪ್ಲೈವುಡ್ ಕಾರ್ಖಾನೆಗೆ ಬಂದವು, ಮೈಸೂರಿನ ಕೆತ್ತನೆಯವರ ಕೈಗೆ ಹೋದವು. ಬೀಟೆಯ ಒಂದು ಚೂರನ್ನು ಮೂಸಿ ನೋಡಿ ಅದರ ವಯಸ್ಸು ಹೇಳುವ ಮುದುಕರನ್ನು ನಾನು ಚಿಕ್ಕವಳಿದ್ದಾಗ ಕಂಡಿದ್ದೇನೆ. ಈ ಹಿನ್ನೆಲೆ ಗೊತ್ತಿಲ್ಲದಿದ್ದರೆ ಮುಂದಿನ ಕತೆ ಅರ್ಥವಾಗುವುದಿಲ್ಲ.

ಮೊದಲು ಕಾರಿನ ವಿಷಯ. ಟಿ.ಸಿ. ಮಾದರಿಯನ್ನು 1945ರಿಂದ 1949ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ ಮಾಡಿದರು. ಒಟ್ಟು ಸುಮಾರು 10,000 ಕಾರುಗಳು. 1,250 ಸಿ.ಸಿ. ಎಂಜಿನ್, ಇಬ್ಬರಿಗೆ ಜಾಗ, ಬಟ್ಟೆಯ ಚಾವಣಿ, ತೆಳ್ಳನೆಯ ಕಡ್ಡಿಚಕ್ರಗಳು. ಹೊರಗೆ ಕಾಣುವ ತಗಡಿನ ಒಳಗೆ ಆಶ್ ಮರದ ಚೌಕಟ್ಟಿದೆ. ಇದನ್ನು ಕೇಳಿದ ಮೇಲೆ ಚಿಕ್ಕಪ್ಪನಿಗೆ ಕಾರಿನ ಮೇಲಿದ್ದ ಹೆದರಿಕೆ ಹೋಗಿ, “ಹಂಗಾದ್ರೆ ಇದೂ ಒಂಥರಾ ಗಾಡಿನೇ ಬುಡು” ಎಂದ.

ಅದರ ಡ್ಯಾಶ್‌ಬೋರ್ಡನ್ನು ಓದುವುದು ಚೆನ್ನಾಗಿರುತ್ತದೆ. ಓಡಿಸುವವನ ಕಣ್ಣೆದುರಿಗೆ ಇರುವ ದೊಡ್ಡ ಮೀಟರು ವೇಗದ್ದಲ್ಲ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬುದನ್ನು ತೋರಿಸುವ ಮೀಟರು ಅದು. ವೇಗದ ಮೀಟರು ಪಕ್ಕದಲ್ಲಿ ಕೂತವರ ಮುಂದಿದೆ. ಕಾರನ್ನು ಕಟ್ಟಿದವರು ಓಡಿಸುವವನ ಬಗ್ಗೆ ಏನೆಂದು ಊಹಿಸಿದ್ದರು ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ. ಅವನು ಎಂಜಿನ್ನಿನ ಉಸಿರು ನೋಡಿಕೊಂಡು ಗೇರು ಹಾಕುವವನು. ಎಷ್ಟು ಜೋರಾಗಿ ಹೋಗುತ್ತಿದ್ದೇವೆ ಎಂದು ಹೆದರುವ ಕೆಲಸ ಪಕ್ಕದವರದು. ಜೊತೆಗೆ ಒಂದು ಪುಟ್ಟ ದೀಪವಿದೆ. ಗಂಟೆಗೆ 20ರಿಂದ 30 ಮೈಲಿ ವೇಗದ ನಡುವೆ ಅದು ಉರಿಯುತ್ತದೆ, 30 ದಾಟಿದರೆ ಆರುತ್ತದೆ. ಇಂಗ್ಲೆಂಡಿನ ಊರೊಳಗಿನ ರಸ್ತೆಗಳಲ್ಲಿ 1935ರಲ್ಲಿ ಬಂದ 30 ಮೈಲಿಯ ಮಿತಿಯನ್ನು ನೆನಪಿಸುವ ದೀಪ. ನಮ್ಮ ಕಡೆಗೆ ಬಂದ ಮೇಲೆ ಅದು ಯಾರಿಗೂ ಏನನ್ನೂ ಹೇಳುತ್ತಿರಲಿಲ್ಲ. ಈ ಕಾರಿನಲ್ಲಿ ಯಾವ ಕಾಲದಲ್ಲೋ ಅದರ ತಂತಿಯನ್ನು ಕತ್ತರಿಸಿದ್ದರು. ಬೇರೊಂದು ಭಾಷೆಯ ಸಮಾಜಕ್ಕೆ ಬಂದ ಪಠ್ಯದಲ್ಲಿ ಮೊದಲು ಮೂಕವಾಗುವುದು ಇಂಥ ಸ್ಥಳೀಯ ಸೂಚನೆಗಳೇ.

ಈ ಕಾರು ಕಾರ್ಖಾನೆಯಿಂದ ಹೊರಟಾಗ ಅದರ ಡ್ಯಾಶ್‌ಬೋರ್ಡು ರೆಕ್ಸಿನ್ ಹೊದಿಸಿದ ಪ್ಲೈವುಡ್ ಹಲಗೆ. ಶೆಡ್ಡಿಗೆ ಬಂದಾಗ ಅದರ ಮೇಲೆ ರೆಕ್ಸಿನ್ ಇರಲಿಲ್ಲ. ಬೀಟೆ ಇತ್ತು. ಒಂದೇ ದಿಮ್ಮಿಯಿಂದ ಸೀಳಿದ ಎರಡು ತೆಳು ಹಲಗೆಗಳನ್ನು ಪುಸ್ತಕ ತೆರೆದ ಹಾಗೆ ಬಿಚ್ಚಿ, ಮರದ ಗೆರೆಗಳು ನಡುವಿನಿಂದ ಎರಡೂ ಬದಿಗೆ ಒಂದೇ ಸಮ ಹರಿಯುವಂತೆ ಕೂರಿಸಿದ್ದರು. ರೆಕ್ಸಿನ್ ನಮ್ಮ ಮಳೆಗಾಲಕ್ಕೆ ಕಿತ್ತುಹೋಗಿರಬೇಕು. ಆಗ ಇಲ್ಲಿಯ ಯಾವನೋ ಮೇಸ್ತ್ರಿ ತನಗೆ ಗೊತ್ತಿದ್ದ ಅತ್ಯುತ್ತಮ ಮರವನ್ನು ಅಲ್ಲಿಗೆ ತಂದಿದ್ದ. ಚಿಕ್ಕಪ್ಪ ಹತ್ತಿಗೆ ಸ್ಪಿರಿಟ್ ಅದ್ದಿ ಮೂಲೆಯಲ್ಲಿ ಒಂದು ಕಡೆ ಒರೆಸಿದ. ಪಾಲಿಶ್ ಮೆತ್ತಗಾಗಿ ಹತ್ತಿಗೆ ಅಂಟಿತು. “ನೋಡವ್ವ, ಅರಗಿನ ಪಾಲಿಶು. ಈಗಿನ ಸ್ಪ್ರೇ ಆಗಿದ್ರೆ ಕರಗ್ತಿರಲಿಲ್ಲ. ಇದು ಹಳೇ ಕೈ.” ಲಿಪಿಯ ತಿರುವು ನೋಡಿ ಓಲೆಗರಿಯ ಕಾಲ ಹೇಳುವ ನನ್ನ ಗುರುಗಳ ದನಿಯೂ ಇದೇ.

ಕಾರಿನ ಈಗಿನ ಯಜಮಾನರು ಹಳೆಯ ಯಜಮಾನರ ಮೊಮ್ಮಗ. ವಿನಯವಂತರು, ಓದಿಕೊಂಡವರು. ಅವರಿಗೆ ಬೇಕಿದ್ದದ್ದು ‘ಒರಿಜಿನಲ್’. ಅಂದರೆ ಬೀಟೆಯನ್ನು ಕಿತ್ತು ರೆಕ್ಸಿನ್ ಹೊದಿಸಬೇಕು, ಮೀಟರುಗಳು ಹೊಸದರಂತೆ ಕಾಣಬೇಕು. ಚಿಕ್ಕಪ್ಪನಿಗೆ ಮನಸ್ಸಿರಲಿಲ್ಲ. “ಸಾರ್, ಈ ಮರ ಈಗ ಎಲ್ಲೂ ಸಿಕ್ಕಲ್ಲ” ಎಂದ. ಅವರು, “ಮರ ಚೆನ್ನಾಗಿದೆ ಮೇಸ್ತ್ರಿ, ಒಪ್ತೀನಿ. ಆದ್ರೆ ಅದು ಈ ಕಾರಿಂದಲ್ಲವಲ್ಲ” ಎಂದರು.

ಆ ಮಾತು ನನ್ನ ತಲೆಯೊಳಗೆ ಉಳಿದುಬಿಟ್ಟಿತು. ಗ್ರಂಥಸಂಪಾದನೆಯಲ್ಲಿ ಇದಕ್ಕೊಂದು ಹೆಸರಿದೆ: ಪ್ರಕ್ಷಿಪ್ತ. ಕವಿ ಬರೆಯದೆ ನಂತರದವರು ಸೇರಿಸಿದ್ದು. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಪಠ್ಯವಾಗಿ ಓದಿಕೊಂಡು ಬಂದ ನಮ್ಮಂಥವರಿಗೆ ಪ್ರಕ್ಷಿಪ್ತ ಕಂಡರೆ ಕೈ ಕೆರೆಯುತ್ತದೆ. ಪ್ರತಿಗಳನ್ನು ಹೋಲಿಸಿ ಹಿಂದೆ ಹಿಂದೆ ಹೋಗುತ್ತ ಕವಿಯ ಬಾಯಿಂದ ಬಂದ ಪಾಠಕ್ಕೆ ಆದಷ್ಟು ಹತ್ತಿರ ಮುಟ್ಟುವುದು ಆ ಶಾಸ್ತ್ರದ ಗುರಿ. ಆ ಗುರಿಯ ಬಗ್ಗೆ ನನಗೆ ಗೌರವವಿದೆ. ಅದಿಲ್ಲದಿದ್ದರೆ ಪಂಪನೂ ವಡ್ಡಾರಾಧನೆಯೂ ನಮ್ಮ ಕೈಗೆ ಈ ರೂಪದಲ್ಲಿ ಸಿಗುತ್ತಿರಲಿಲ್ಲ.

ಯುರೋಪಿನಲ್ಲಿ ಹಳೆಯ ಕಟ್ಟಡಗಳ ವಿಷಯಕ್ಕೆ ಇದೇ ಜಗಳ ಹತ್ತೊಂಬತ್ತನೆಯ ಶತಮಾನದಲ್ಲಿ ನಡೆಯಿತು. ಫ್ರಾನ್ಸಿನ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ಪ್ರಕಾರ ಜೀರ್ಣೋದ್ಧಾರವೆಂದರೆ ಕಟ್ಟಡವನ್ನು ಪೂರ್ಣ ಸ್ಥಿತಿಗೆ ತರುವುದು. ಆ ಪೂರ್ಣ ಸ್ಥಿತಿ ಚರಿತ್ರೆಯ ಯಾವ ಗಳಿಗೆಯಲ್ಲೂ ಇದ್ದಿರಲಿಕ್ಕಿಲ್ಲ ಎಂಬುದನ್ನೂ ಅವನು ಮುಚ್ಚಿಡಲಿಲ್ಲ. ಇಂಗ್ಲೆಂಡಿನ ಜಾನ್ ರಸ್ಕಿನ್ ತನ್ನ 1849ರ ಪುಸ್ತಕದಲ್ಲಿ ಇದಕ್ಕೆ ಪೂರಾ ವಿರುದ್ಧ ನಿಂತಿದ್ದ. ಅವನಿಗೆ ಇಂಥ ಜೀರ್ಣೋದ್ಧಾರ ಸುಳ್ಳು, ಹಳೆಯದನ್ನು ಕೊಂದು ಅದರ ಅಂಗಿಯನ್ನು ಬೇರೆಯವರಿಗೆ ತೊಡಿಸಿದ ಹಾಗೆ. ನಮ್ಮ ಊರುಗಳ ಗುಡಿಗಳ ಕಲ್ಲಿಗೆ ಎಣ್ಣೆಬಣ್ಣ ಬಳಿದದ್ದನ್ನು ಕಂಡಾಗ ರಸ್ಕಿನ್ ಸರಿ ಎನ್ನಿಸುತ್ತದೆ. ಮಳೆಗೆ ಕುಸಿಯುತ್ತಿರುವ ಗುಡಿಯನ್ನು ಕಂಡಾಗ ಫ್ರೆಂಚಿನವನೇ ಸರಿ ಎನ್ನಿಸುತ್ತದೆ. ಡ್ಯಾಶ್‌ಬೋರ್ಡಿನ ಮುಂದೆ ಇಬ್ಬರೂ ಅರ್ಧರ್ಧ ಸಹಾಯ ಮಾಡಿ ಕೈಬಿಟ್ಟರು.

ನನಗೆ ತಕರಾರಿದ್ದದ್ದು ‘ಒರಿಜಿನಲ್’ ಎಂಬ ಮಾತು ದುಡಿಯುವ ರೀತಿಯ ಬಗ್ಗೆ. ಆ ಕಾರು ಆಬಿಂಗ್ಡನ್‌ನಲ್ಲಿ ಇದ್ದದ್ದು ಕೆಲವು ವಾರ. ನಮ್ಮ ಕಡೆ ಇರುವುದು ಎಪ್ಪತ್ತು ವರ್ಷಕ್ಕೂ ಹೆಚ್ಚು. ಆದರೂ ಕೆಲವು ವಾರದ ಕೈಗಳು ಮೂಲವಾಗುತ್ತವೆ, ಎಪ್ಪತ್ತು ವರ್ಷದ ಕೈಗಳು ಪ್ರಕ್ಷಿಪ್ತವಾಗುತ್ತವೆ. ಆಬಿಂಗ್ಡನ್‌ನಲ್ಲಿ ರೆಕ್ಸಿನ್ ಎಳೆದು ಅಂಟಿಸಿದ ಕೆಲಸಗಾರನ ಹೆಸರೂ ನಮಗೆ ಗೊತ್ತಿಲ್ಲ, ಬೀಟೆ ಕೂರಿಸಿದವನ ಹೆಸರೂ ಗೊತ್ತಿಲ್ಲ. ಇಬ್ಬರು ಅನಾಮಧೇಯರಲ್ಲಿ ಒಬ್ಬನಿಗೆ ಕಂಪನಿಯ ಕ್ಯಾಟಲಾಗಿನ ಬೆಂಬಲವಿದೆ, ಇನ್ನೊಬ್ಬನಿಗೆ ಇಲ್ಲ, ಅಷ್ಟೇ. ತಮಾಷೆಯೆಂದರೆ ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ ಒಪ್ಪಿಕೊಂಡಿರುವ ಟ್ಯೂರಿನ್ ಸನ್ನದೇ ವಾಹನದ ಬಳಕೆಯ ಕಾಲದ ಬದಲಾವಣೆಗಳನ್ನು ಅದರ ಚರಿತ್ರೆಯ ಭಾಗವಾಗಿ ಕಾಣುವ ಕಡೆಗೆ ವಾಲುತ್ತದೆ. ‘ಒರಿಜಿನಲ್’ ಹುಚ್ಚು ಹೆಚ್ಚಾಗಿರುವುದು ಮಾರುಕಟ್ಟೆಯಲ್ಲಿ.

ಹಾಗೆಂದು ಬೀಟೆಯನ್ನು ಸುಮ್ಮನೆ ಹೊಗಳಿದರೆ ಅದು ವಿಮರ್ಶೆಯಾಗುವುದಿಲ್ಲ, ಊರಿನ ಅಭಿಮಾನವಾಗುತ್ತದೆ. ಆ ಕೆಲಸದಲ್ಲಿ ದೋಷಗಳೂ ಇದ್ದವು. ಮೀಟರಿನ ತೂತುಗಳ ಅಂಚು ಒಂದೇ ಸಮವಿರಲಿಲ್ಲ. ಆಮೀಟರಿನ ತೂತು ಸ್ವಲ್ಪ ಹಿಗ್ಗಿ, ಅದನ್ನು ಮೇಣ ತುಂಬಿ ಮುಚ್ಚಿದ್ದರು. ಒದ್ದೆಯಾಗಿ ಎಡಗಡೆ ಮರ ಎದ್ದಿತ್ತು. ದಪ್ಪ ಹೆಚ್ಚಾದದ್ದರಿಂದ ಮೀಟರುಗಳು ಹಲಗೆಯೊಳಗೆ ಹುದುಗಿದ ಹಾಗೆ ಕಂಡು ಓದಲು ಕಷ್ಟವಾಗುತ್ತಿತ್ತು. ಪ್ರಕ್ಷಿಪ್ತ ಪದ್ಯಗಳಲ್ಲೂ ಹೀಗೆಯೇ: ಕೆಲವು ಮೂಲಕ್ಕಿಂತ ಚೆನ್ನಾಗಿರುತ್ತವೆ, ಕೆಲವು ಛಂದಸ್ಸು ತಪ್ಪಿ ಎದ್ದು ಕಾಣುತ್ತವೆ. ನಮ್ಮವರು ಸೇರಿಸಿದ್ದು ಎಂಬ ಒಂದೇ ಕಾರಣಕ್ಕೆ ಯಾವುದೂ ಉಳಿಯಬೇಕಾಗಿಲ್ಲ.

ಈ ನಡುವೆ ಮೀಟರುಗಳು ಮೈಸೂರಿಗೆ ಹೋದವು. ಚಿಕ್ಕಪ್ಪನ ಜೊತೆ ನಾನೂ ಹೋಗಿದ್ದೆ. 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಊರಲ್ಲವೇ ಅದು? ಮೀಟರು ಬಿಚ್ಚಿ ಕೂರಿಸಬಲ್ಲ ಬೆರಳುಗಳು ಅಲ್ಲಿ ಇನ್ನೂ ಉಳಿದಿವೆ. ಒಂದು ಗಲ್ಲಿಯೊಳಗೆ, ಗಡಿಯಾರದವರ ಹಾಗೆ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡ ಹಿರಿಯರೊಬ್ಬರು ಜೇಗರ್ ಹೆಸರಿನ ಆ ವೇಗದ ಮೀಟರನ್ನು ಬಿಚ್ಚಿ ನಮಗೆ ತೋರಿಸಿದರು. ಸಾಮಾನ್ಯ ಮೀಟರಿನಲ್ಲಿ ಕೇಬಲ್ಲಿಗೆ ಸೇರಿದ ಅಯಸ್ಕಾಂತ ತಿರುಗುತ್ತ ಒಂದು ಲೋಹದ ಬಟ್ಟಲನ್ನು ಎಳೆಯುತ್ತದೆ, ಸಣ್ಣ ಸ್ಪ್ರಿಂಗು ಅದನ್ನು ಹಿಡಿದು ನಿಲ್ಲಿಸುತ್ತದೆ, ಮುಳ್ಳು ನುಣ್ಣಗೆ ಏರಿ ಇಳಿಯುತ್ತದೆ. ಇದು ಕ್ರೋನೋಮೆಟ್ರಿಕ್ ಜಾತಿಯದು. ಒಳಗೆ ಗಡಿಯಾರದಂಥ ಯಂತ್ರವಿದ್ದು, ನಿಗದಿಯಾದ ಒಂದು ಚಿಕ್ಕ ಅವಧಿಯಲ್ಲಿ ಕೇಬಲ್ಲು ಎಷ್ಟು ಸುತ್ತಿತು ಎಂದು ಎಣಿಸುತ್ತದೆ. ಎಣಿಸಿದ ಮೇಲೆ ಮುಳ್ಳನ್ನು ಅಲ್ಲಿಗೆ ಒಯ್ದು ನಿಲ್ಲಿಸಿ ಮತ್ತೆ ಎಣಿಸುತ್ತದೆ. ಹಾಗಾಗಿ ಅದರ ಮುಳ್ಳು ಹರಿಯುವುದಿಲ್ಲ, ಹೆಜ್ಜೆಹೆಜ್ಜೆಯಾಗಿ ಜಿಗಿಯುತ್ತದೆ. ಎಷ್ಟೋ ಜನ ಇದನ್ನು ಕೆಟ್ಟಿದೆಯೆಂದುಕೊಂಡು ಬಿಚ್ಚಿ ಹಾಳುಮಾಡುತ್ತಾರೆ ಎಂದು ಅವರು ನಕ್ಕರು. ಅಪರಿಚಿತ ಪದವನ್ನು ಲಿಪಿಕಾರನ ತಪ್ಪು ಎಂದುಕೊಂಡು ‘ತಿದ್ದುವ’ ಸಂಪಾದಕರು ನನಗೆ ನೆನಪಾದರು.

ಅವರು ಮೂರು ಪ್ರಶ್ನೆ ಕೇಳಿದರು. ಮೈಲಿಯನ್ನು ಕಿಲೋಮೀಟರಿಗೆ ಬದಲಿಸಲೇ? ಓಡಿದ ದೂರ ತೋರಿಸುವ ಅಂಕಿಗಳನ್ನು ಸೊನ್ನೆಗೆ ತಿರುಗಿಸಲೇ? ಮುಖವನ್ನು ಹೊಸದಾಗಿ ಪ್ರಿಂಟು ಮಾಡಿಸಲೇ?

ಮೊದಲನೆಯದು ನಮ್ಮ ಶಾಸ್ತ್ರದಲ್ಲಿ ಱ ಮತ್ತು ೞ ಅಕ್ಷರಗಳ ಪ್ರಶ್ನೆ. ಹಳಗನ್ನಡದ ಪಠ್ಯ ಅಚ್ಚುಮಾಡುವಾಗ ಅವನ್ನು ಉಳಿಸಬೇಕೇ, ಇವತ್ತಿನವರಿಗೆ ಸುಲಭವಾಗಲೆಂದು ರ, ಳ ಮಾಡಬೇಕೇ? ಬದಲಿಸಿದರೆ ಓದು ಸರಾಗವಾಗುತ್ತದೆ, ಆದರೆ ಪ್ರಾಸವೂ ಪದದ ಹುಟ್ಟೂ ಮಸುಕಾಗುತ್ತವೆ. ಭಾರತದಲ್ಲಿ ಮೆಟ್ರಿಕ್ ಅಳತೆಯ ಕಾಯಿದೆ ಬಂದದ್ದು 1956ರಲ್ಲಿ. ಈ ಕಾರು ಅದಕ್ಕಿಂತ ಹಳೆಯದು. ಅದು ಬಂದಾಗ ಹುಣಸೂರು ರಸ್ತೆಯ ಕಲ್ಲುಗಳೂ ಮೈಲಿಯಲ್ಲೇ ಮಾತಾಡುತ್ತಿದ್ದವು. ಮೈಲಿ ಉಳಿಯಲಿ ಎಂದು ಯಜಮಾನರು ಒಪ್ಪಿದರು. ಎರಡನೆಯದಕ್ಕೆ ಹಿರಿಯರೇ ಉತ್ತರ ಕೊಟ್ಟರು. ಸೊನ್ನೆಗೆ ತಿರುಗಿಸುವುದು ಕಷ್ಟವೇನಲ್ಲ, ಆದರೆ ಅದು ಸೆಕೆಂಡ್‌ಹ್ಯಾಂಡ್ ವ್ಯಾಪಾರದ ಮೋಸ, ನಾನು ಮಾಡುವುದಿಲ್ಲ ಎಂದರು. ಮೂರನೆಯದು ಕಷ್ಟದ್ದು. ಮುಖದ ಮೇಲಿನ ಕೆಲವು ಅಂಕಿಗಳು ತೇವಕ್ಕೆ ಎದ್ದುಹೋಗಿದ್ದವು. ಹೊಸ ಮುಖ ಪ್ರಿಂಟು ಮಾಡಿದರೆ ಅಕ್ಷರಗಳು ಕಂಪ್ಯೂಟರಿನ ಅಚ್ಚಿನಂತಾಗುತ್ತವೆ. ಹಳೆಯ ಅಂಕಿಗಳಿಗೆ ಕೈಯಲ್ಲಿ ಬರೆದ ನಕ್ಷೆಯ ಸಣ್ಣ ವಾರೆಕೋರೆ ಇದೆ. ಹೋದ ಅಂಕಿಗಳನ್ನಷ್ಟೇ ಕೂದಲೆಳೆಯ ಕುಂಚದಲ್ಲಿ ತುಂಬಿಸಿ, ಇದ್ದದ್ದನ್ನು ಮುಟ್ಟದೆ ಬಿಡುವುದೆಂದು ತೀರ್ಮಾನವಾಯಿತು.

ಹೊಳೆಯುವ ಅಂಕಿಗಳಿದ್ದಿದ್ದರೆ ತಾನು ಮುಖವನ್ನು ಮುಟ್ಟುತ್ತಲೇ ಇರಲಿಲ್ಲ ಎಂದೂ ಅವರು ಹೇಳಿದರು. ಇಪ್ಪತ್ತನೆಯ ಶತಮಾನದ ಮೊದಲರ್ಧದ ಅನೇಕ ಗಡಿಯಾರ, ವಿಮಾನ, ವಾಹನಗಳ ಮೀಟರುಗಳಲ್ಲಿ ಕತ್ತಲೆಗೆ ಕಾಣಲೆಂದು ರೇಡಿಯಂ ಬೆರೆಸಿದ ಬಣ್ಣ ಹಚ್ಚುತ್ತಿದ್ದರು. ಅದರೊಳಗೆ ಬೆಳಕು ಕೊಡುವ ಸತುವಿನ ಪುಡಿ ಕೆಲವು ದಶಕಗಳಲ್ಲಿ ಸುಟ್ಟುಹೋಗುತ್ತದೆ. ರೇಡಿಯಂ ಅರ್ಧದಷ್ಟು ಕರಗಲು ಸುಮಾರು 1,600 ವರ್ಷ ಬೇಕು. ಹೊಳಪು ಸತ್ತ ಮೇಲೂ ವಿಷ ಇರುತ್ತದೆ. ಕೆರೆದರೆ ಪುಡಿ ಶ್ವಾಸಕೋಶಕ್ಕೆ ಹೋಗುತ್ತದೆ. ಲಾರಿಗಳ ಹಿಂದೆ ಅಂಟಿಸುವ ಸ್ಟಿಕ್ಕರಿಗೆ ನಾವು ಇವತ್ತಿಗೂ ‘ರೇಡಿಯಂ’ ಎನ್ನುತ್ತೇವೆ, ಅದರಲ್ಲಿ ರೇಡಿಯಂ ಇಲ್ಲದಿದ್ದರೂ. ಹಳೆಯದನ್ನೆಲ್ಲ ಹಾಗೆಯೇ ಕಾಪಾಡಬೇಕು ಎನ್ನುವವರು ಈ ಬಣ್ಣವನ್ನೊಮ್ಮೆ ನೆನೆಯಬೇಕು. ಹಳೆಯ ಪಠ್ಯಗಳಲ್ಲೂ ಹೊಳಪು ಹೋಗಿ ವಿಷ ಮಾತ್ರ ಉಳಿದ ಸಾಲುಗಳಿವೆ. ಅವನ್ನು ಕೆರೆದು ಅಳಿಸುವುದೂ ಅಪಾಯ, ಗಾಜು ತೆಗೆದು ಎಲ್ಲರ ಕೈಗೆ ಕೊಡುವುದೂ ಅಪಾಯ.

ಅಲ್ಲಿಂದ ವಾಪಸು ಬರುವಾಗ ನನಗೆ ಒಂದು ಭೇದ ಸ್ಪಷ್ಟವಾಯಿತು. ಮೀಟರಿಗೂ ಹಲಗೆಗೂ ಒಂದೇ ನ್ಯಾಯ ಹಾಕಲಾಗದು. ಮೀಟರು ಈ ಗಳಿಗೆಯ ಬಗ್ಗೆ ಒಂದು ಹೇಳಿಕೆ ಕೊಡುತ್ತದೆ, ಆ ಹೇಳಿಕೆ ನಿಜವಾಗಿರಬೇಕು. ಎಣ್ಣೆಯ ಒತ್ತಡ ಬಿದ್ದಿದ್ದರೂ ಸರಿಯಿದೆ ಎಂದು ತೋರಿಸುವ ಮೀಟರು ಎಷ್ಟು ಹಳೆಯದಾದರೇನು, ಎಂಜಿನ್ನನ್ನು ಕೊಲ್ಲುತ್ತದೆ. ಅದರ ಒಳಗಿನ ಯಂತ್ರವನ್ನು ಧೈರ್ಯವಾಗಿ ರಿಪೇರಿ ಮಾಡಬೇಕು. ಹಲಗೆ ಹಾಗಲ್ಲ. ಅದು ಯಾರು ಯಾರು ಕೈಯಿಟ್ಟರು ಎಂಬುದನ್ನು ಮಾತ್ರ ಹೇಳುತ್ತದೆ. ಅಲ್ಲಿ ಕೈ ಹಗುರವಾಗಿರಬೇಕು. ಒಂದೇ ಡ್ಯಾಶ್‌ಬೋರ್ಡಿನಲ್ಲಿ ಈ ಎರಡೂ ಇರುವುದರಿಂದಲೇ ಜೀರ್ಣೋದ್ಧಾರದ ಬಗ್ಗೆ ಒಂದು ಸಾಲಿನ ಸೂತ್ರ ಕೊಡುವವರು ದಾರಿ ತಪ್ಪುತ್ತಾರೆ.

ಬೀಟೆಯ ವಿಷಯದಲ್ಲಿ ಕೊನೆಗೆ ಯಜಮಾನರ ಮಾತೇ ನಡೆಯಿತು. ಚಿಕ್ಕಪ್ಪ ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಇಸ್ತ್ರಿಪೆಟ್ಟಿಗೆ ಆಡಿಸುತ್ತ, ತೆಳುವಾದ ಚಾಕುವನ್ನು ಅಂಚಿನಿಂದ ಒಳಕ್ಕೆ ಬಿಡುತ್ತ, ಒಂದು ಇಡೀ ದಿನ ತೆಗೆದುಕೊಂಡ. ಮರ ಎಲ್ಲೂ ಒಡೆಯದೆ ಎದ್ದು ಬಂತು. ಕಾರಣ ಅಂಟು. ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ಮಾಡುತ್ತಿದ್ದ ಹಳೆಯ ಅಂಟು ಬಿಸಿಗೂ ತೇವಕ್ಕೂ ಬಿಟ್ಟುಕೊಡುತ್ತದೆ. ಇವತ್ತಿನ ಅಂಟಾಗಿದ್ದರೆ ಚೂರುಚೂರಾಗುತ್ತಿತ್ತು. ಅರಗಿನ ಪಾಲಿಶ್ ಸ್ಪಿರಿಟ್ಟಿಗೆ ಕರಗುತ್ತದೆ, ಅಂಟು ಬಿಸಿಗೆ ಕರಗುತ್ತದೆ. ಬೇಡವಾದರೆ ಹಿಂದಕ್ಕೆ ಹೋಗುವ ದಾರಿಯನ್ನು ಆ ಹಳೆಯ ಮೇಸ್ತ್ರಿ ಎರಡು ಕಡೆಯೂ ತೆರೆದಿಟ್ಟಿದ್ದ. ಬೇಕೆಂದೇ ಇಟ್ಟಿದ್ದನೋ, ಅವನ ಕಾಲದ ಸಾಮಾನೇ ಅಂಥದ್ದಿತ್ತೋ, ಫಲ ಒಂದೇ. ತನ್ನ ಪಾಠವನ್ನು ಸೇರಿಸಿಯೂ ಕೆಳಗಿನ ಪಾಠವನ್ನು ಅವನು ಅಳಿಸಿರಲಿಲ್ಲ.

ಎದ್ದು ಬಂದ ಬೀಟೆಯನ್ನು ತಿರುಗಿಸಿದಾಗ ಹಿಂಬದಿಯಲ್ಲಿ, ಅಂಟಿನ ಕಲೆಯ ನಡುವೆ, ಪೆನ್ಸಿಲಿನ ಗುರುತುಗಳು ಕಂಡವು. ಒಂದು ಬಾಣ, ಅದರ ಪಕ್ಕ ‘ಮೇಲೆ’ ಎಂಬ ಎರಡಕ್ಷರ. ತೂತುಗಳ ಸುತ್ತ ಅಳತೆಗಳು, ಕನ್ನಡ ಅಂಕಿಗಳಲ್ಲಿ. ಚಿಕ್ಕಪ್ಪ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ. “೭ನ ನಮ್ಮಪ್ಪನೂ ಹಿಂಗೇ ಬರೀತಿದ್ದ” ಎಂದ. ಅಷ್ಟು ಬಿಟ್ಟರೆ ಏನೂ ಹೇಳಲಿಲ್ಲ.

ಬೀಟೆಯನ್ನು ಕೀಳಬಾರದೆಂದು ವಾದಿಸಿದವಳು ನಾನು. ಕೀಳದೇ ಇದ್ದಿದ್ದರೆ ಈ ಬರಹವನ್ನು ನಾವು ಓದುತ್ತಲೇ ಇರಲಿಲ್ಲ. ಮುಟ್ಟದೆ ಕಾಪಾಡುವುದಕ್ಕೂ ಒಂದು ಬೆಲೆಯಿದೆ ಎಂದು ಒಪ್ಪಿಕೊಳ್ಳದೆ ಗತಿಯಿಲ್ಲ. ತಪ್ಪಾಗುತ್ತಿದ್ದದ್ದು ಕಿತ್ತಮೇಲೆ ಸೌದೆ ಮೂಲೆಗೆ ಎಸೆದಿದ್ದರೆ. ಚಿಕ್ಕಪ್ಪ ಎಸೆಯಲಿಲ್ಲ. ಉಬ್ಬಿದ್ದ ಜಾಗವನ್ನು ಹಲಗೆಗಳ ನಡುವೆ ಬಿಗಿದು ಚಪ್ಪಟೆ ಮಾಡಿದ, ಮುಂಬದಿಗೆ ಅರಗಿನ ಪಾಲಿಶ್ ಒಂದು ಕೈ ಕೊಟ್ಟ, ಹಿಂಬದಿಯನ್ನು ಮುಟ್ಟಲಿಲ್ಲ. ಹಳೆಯ ಪಂಚೆಯಲ್ಲಿ ಸುತ್ತಿ ಕಾರಿನ ಜೊತೆಗೇ ಕಳಿಸಿದ. “ಇದನ್ನ ಗಾಡಿ ಕಾಗದಗಳ ಜೊತೆ ಇಡಿ ಸಾರ್. ನಿಮ್ಮ ಮಕ್ಕಳಿಗೆ ಬೇಕನ್ನಿಸಿದ್ರೆ ಮತ್ತೆ ಕೂರಿಸ್ಕೊಳ್ಳಲಿ” ಎಂದ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು.

ಮುಗಿದ ಕೆಲಸದ ಬಗ್ಗೆಯೂ ಹೇಳಬೇಕು. ಹೊಸ ರೆಕ್ಸಿನ್ ಚೊಕ್ಕವಾಗಿ ಕೂತಿದೆ, ತೂತುಗಳ ಅಂಚು ಸಮನಾಗಿದೆ, ಮೀಟರುಗಳು ದೂರದಿಂದಲೂ ಓದಲು ಸಿಗುತ್ತವೆ. ಕಾರು ಹೊರಟಾಗ ಮುಳ್ಳು ಜಿಗಿಜಿಗಿದು ಏರಿದ್ದನ್ನು ನೋಡಿ ಖುಷಿಯಾಯಿತು. 30 ಮೈಲಿಯ ದೀಪಕ್ಕೂ ತಂತಿ ಕೊಟ್ಟಿದ್ದಾರೆ. ಈಗ ಹುಣಸೂರು ರಸ್ತೆಯಲ್ಲಿ ಅದು ಇಂಗ್ಲೆಂಡಿನ ಕಾನೂನನ್ನು ನೆನಪಿಸುತ್ತ ಉರಿಯುತ್ತದೆ. ಆದರೆ ರೆಕ್ಸಿನ್ನಿನ ಮೈ ತೀರಾ ಏಕಸಮ. ಪಕ್ಕದಲ್ಲಿ ಕೂತವರ ಬೆರಳು ತಿಕ್ಕಿ ತಿಕ್ಕಿ ಬೀಟೆಯ ಮೇಲೆ ಎದ್ದಿದ್ದ ಒಂದು ಬಿಳಿಚು ಕಲೆ ಅಲ್ಲೀಗ ಇಲ್ಲ. ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಂಥ ಕಡೆ ಸಾಲಾಗಿ ಹೊಳೆಯುವ ಹಳೆಯ ಕಾರುಗಳ ಮುಂದೆ ನಿಂತಾಗ ಇನ್ನುಮೇಲೆ ನಾನು ಹುಡುಕುವುದು ಇಂಥ ಕಲೆಗಳನ್ನೇ.

ಮೈಸೂರಿಗೆ ಮರಳಿ ಮೂರನೆಯ ಅಧ್ಯಾಯ ತೆರೆದೆ. ನಮ್ಮೂರ ಹತ್ತಿರದ ಮನೆಯೊಂದರಲ್ಲಿ ಸಿಕ್ಕ ಜೈಮಿನಿ ಭಾರತದ ಓಲೆಪ್ರತಿಯೊಂದನ್ನು ಅದರಲ್ಲಿ ಚರ್ಚಿಸಿದ್ದೇನೆ. ಲಿಪಿಕಾರ ಕೆಲವು ಕಡೆ ಕವಿಯ ಪದ ಬಿಟ್ಟು ಈ ಸೀಮೆಯ ಆಡುಮಾತಿನ ಪದ ಹಾಕಿದ್ದಾನೆ. ಮೊದಲ ಕರಡಿನಲ್ಲಿ ನಾನು ಅವನ್ನೆಲ್ಲ ‘ಲಿಪಿಕಾರನ ದೋಷ’ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದೆ. ಆ ವಾಕ್ಯವನ್ನು ಈಗ ತೆಗೆದಿದ್ದೇನೆ. ಲಕ್ಷ್ಮೀಶನ ಪಾಠ ಪುಟದ ಮೇಲೆಯೇ ಇರುತ್ತದೆ. ಅವನ ಹನ್ನೊಂದು ಪದಗಳು ಒಂದೊಂದಾಗಿ ಅಡಿಟಿಪ್ಪಣಿಗೆ ಬಂದಿವೆ, ಯಾವ ಗರಿ, ಯಾವ ಸಾಲು ಎಂಬ ಗುರುತಿನ ಜೊತೆಗೆ. ಅಧ್ಯಾಯ ನಾಲ್ಕು ಪುಟ ಉದ್ದವಾಯಿತು. ಗುರುಗಳು ಇನ್ನೂ ನೋಡಿಲ್ಲ.